ಸೌಟಿಗೆ ಬಳೆ ತೊಡಿಸಿದವಳು

ಆ ಊರಿನಲ್ಲಿ ಹೊಟ್ಟೆ ಯಾರ ಮೈಯೊಳಗೂ ಇರಲಿಲ್ಲ. ಎಲ್ಲರೂ ತಂತಮ್ಮ ಹೊಟ್ಟೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದರು. ನಗಬೇಡಿ. ನಮ್ಮ ಪದ್ಧತಿ ಅವರಿಗೆ ಹೇಳಿದರೆ ಅವರೂ ಹೀಗೇ ನಗುತ್ತಾರೆ, 'ಅಯ್ಯೋ, ಒಳಗಿಟ್ಟುಕೊಂಡರೆ ತುಂಬಿದೆಯೋ ಇಲ್ಲವೋ ಅಂತ ಬಗ್ಗಿ ನೋಡೋದು ಹೇಗೆ?' ಅಂತ.

ಮಗು ಹುಟ್ಟಿದ ದಿನ ಕಂಚುಗಾರ ಒಂದೇ ತಾಮ್ರದ ತಗಡಿನಿಂದ ಎರಡು ವಸ್ತು ಮಾಡುತ್ತಿದ್ದ. ಒಂದು ಪಾತ್ರೆ, ಒಂದು ಸೌಟು. ಪಾತ್ರೆಯೇ ಮಗುವಿನ ಹೊಟ್ಟೆ. ಅದರ ಕಿವಿಗೆ ಸೌಟನ್ನು ಕೊಕ್ಕೆಯಿಂದ ನೇತುಹಾಕುತ್ತಿದ್ದರು. ಸೌಟಿನಿಂದ ಪಾತ್ರೆಗೆ ಬಿದ್ದದ್ದರ ರುಚಿ ನಾಲಿಗೆಗೆ ಹತ್ತುತ್ತಿತ್ತು, ಶಕ್ತಿ ಮೈಗೆ ಹತ್ತುತ್ತಿತ್ತು. ಮಗು ಹಸಿದು ಅತ್ತರೆ ತಾಯಿ ಒಂದು ಸೌಟು ಹಾಕುತ್ತಿದ್ದಳು. ಇರುವೆ ಕಚ್ಚಿ ಅತ್ತರೂ ಒಂದು ಸೌಟು. ಚಳಿಗೆ ಅತ್ತರೂ ಒಂದು ಸೌಟು. ನಕ್ಕರೆ, ಆಹಾ ನಕ್ಕಿತು ಅಂತ ಇನ್ನೊಂದು ಸೌಟು. ತಾಮ್ರ ಒಳ್ಳೆಯ ಲೋಹ, ಹಾಕಿದಷ್ಟೂ ಹಿಗ್ಗುತ್ತಿತ್ತು, ಪಾತ್ರೆಯ ಜೊತೆ ಸೌಟೂ ಬೆಳೆಯುತ್ತಿತ್ತು. ಕುಗ್ಗುವುದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

ಆ ಊರಲ್ಲೊಬ್ಬಳು ಬಳೆಗಾರ್ತಿ ಇದ್ದಳು. ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ತಿರುಗಿ, ಜಗಲಿಯಲ್ಲಿ ಕೂತು ಹೆಂಗಸರ ಕೈಗೆ ಬಳೆ ತೊಡಿಸುವುದು ಅವಳ ಕಸುಬು. ಮಾತಿನಲ್ಲಿ ಚುರುಕು, ಕೈಯಲ್ಲಿ ನಯ. ಎಂಥ ಗಟ್ಟಿ ಕೈಗೂ ಚಿಕ್ಕ ಬಳೆ ಇಳಿಸಿಬಿಡುವಳು. ಕೈ ಹಿಡಿದು, 'ಸಡಿಲ ಬಿಡು ತಾಯಿ, ಸಡಿಲ ಬಿಡು. ಇದು ನಿನ್ನ ಕೈ ಅಲ್ಲ, ನನ್ನ ಕೈ ಅಂದ್ಕೋ' ಅಂತ ರಾಗವಾಗಿ ಹೇಳುತ್ತಾ ಹೇಳುತ್ತಾ ಒತ್ತುವಳು. ಬಳೆ ಯಾವಾಗ ಗೆಣ್ಣು ದಾಟಿತೋ ಕೈಯವಳಿಗೇ ತಿಳಿಯುತ್ತಿರಲಿಲ್ಲ.

ಆದರೆ ಅವಳ ಪಾತ್ರೆ ದೊಡ್ಡದಾಯಿತು. ವ್ಯಾಪಾರ ಆದರೆ ಖುಷಿಗೆ ಒಂದು ಸೌಟು, ಆಗದಿದ್ದರೆ ಬೇಜಾರಿಗೆ ಒಂದು ಸೌಟು, ಏನೂ ನಡೆಯದ ದಿನ ಏನೂ ನಡೆಯಲಿಲ್ಲವಲ್ಲ ಅಂತ ಎರಡು ಸೌಟು. ಚೊಂಬಿನಷ್ಟಿದ್ದದ್ದು ಬಿಂದಿಗೆಯಾಯಿತು, ಬಿಂದಿಗೆ ಹೋಗಿ ಕೊಪ್ಪರಿಗೆಯಾಯಿತು. ಕೊನೆಗೆ ಸ್ನಾನದ ಹಂಡೆಯನ್ನು ಸೊಂಟದ ಮೇಲೆ ಹೊತ್ತಂತೆ ಏದುಸಿರು ಬಿಡುತ್ತಾ ಮೂರು ಮನೆ ದಾಟುವಷ್ಟರಲ್ಲಿ ಕೂರುತ್ತಿದ್ದಳು. ಕೂತರೂ ಏನು? ಎದುರಿಗೆ ಕೂತವಳ ಕೈಗೂ ಇವಳ ಕೈಗೂ ನಡುವೆ ಪಾತ್ರೆ ಅಡ್ಡ. ಬಳೆ ಒಡೆಯತೊಡಗಿದವು. ಒಂದು ಸಲ ಬಾಣಂತಿಯೊಬ್ಬಳ ಮಣಿಕಟ್ಟು ಕೊಯ್ದು ರಕ್ತ ಬಂತು. ಆ ದಿನ ಬಳೆಗಾರ್ತಿ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಅತ್ತಳು. ಅತ್ತು, ಒಂದು ಸೌಟು ಹಾಕಿಕೊಂಡಳು.

ಇನ್ನು ಆ ಊರಿನ ಡಂಗುರದವನ ವಿಷಯ. ಅವನದೂ ಹಂಡೆಯಂಥ ಪಾತ್ರೆಯೇ ಇತ್ತು. ಒಂದೂವರೆ ವರ್ಷದ ಹಿಂದೆ ಕಂಚುಗಾರನ ಹತ್ತಿರ ಕತ್ತರಿಸಿಕೊಂಡು ಚೊಂಬಿನಷ್ಟು ಮಾಡಿಸಿಕೊಂಡಿದ್ದ. ಆಮೇಲೆ ಊರೆಲ್ಲ ಸಾರಿದ: 'ಕೇಳ್ರಪ್ಪೋ ಕೇಳ್ರಿ! ಪಾತ್ರೆ ಸಣ್ಣದಾದ್ರೆ ಸೌಟು ತಾನೇ ತೆಪ್ಪಗಾಗ್ತದೆ, ಇನ್ನೂ ಹಾಕು ಅಂತ ಕಾಡಲ್ಲ! ನಂದು ತೆಪ್ಪಗಾಗಿದೆ, ನೋಡ್ರಿ!' ನೋಡಿದರೆ ನಿಜವಾಗಿಯೂ ಬಳ್ಳಿಯ ಹಾಗೆ ಬಳುಕುತ್ತಾ ನಡೆಯುತ್ತಿದ್ದ. ಬಳೆಗಾರ್ತಿ ಅವನ ಮಾತು ನಂಬಿ ಕಂಚುಗಾರನ ಕುಲುಮೆಗೆ ಹೋದಳು.

ಕಂಚುಗಾರ ಮಾತು ಕಮ್ಮಿಯವನು. ಪಾತ್ರೆ ತಿರುಗಿಸಿ ನೋಡಿದ, ಬಡಿದು ನೋಡಿದ. 'ಕತ್ತರಿಸ್ತೀನಿ. ಆದ್ರೆ ಒಂದೇ ಸಲ. ಬೆಸುಗೆ ಹಾಕಿದ ತಾಮ್ರ ಇನ್ನು ಹಿಗ್ಗಲ್ಲ. ತುಂಬಿಸಿದ್ರೆ ಬೆಸುಗೆ ಬಿಡ್ತದೆ. ಬೆಸುಗೆ ಬಿಟ್ರೆ ಪಾತ್ರೆ ಇಲ್ಲ, ಪಾತ್ರೆ ಇಲ್ಲದಿದ್ರೆ ನೀನಿಲ್ಲ. ತಿಳೀತಾ ಅಕ್ಕ?'

'ತಿಳೀತಪ್ಪ' ಅಂದಳು.

ಕತ್ತರಿಸಿದ. ಉಳಿದದ್ದು ಒಂದು ಚೊಂಬು, ನಡುವೆ ಎಳೆಯಷ್ಟು ಬೆಸುಗೆ. ಆರು ತಿಂಗಳು ಬಳೆಗಾರ್ತಿ ಹಾರಾಡಿದಳು ಅಂದರೆ ಸುಳ್ಳಲ್ಲ. ನಾಲ್ಕು ತುತ್ತಿಗೆ ಪಾತ್ರೆ ತುಂಬಿಬಿಡುತ್ತಿತ್ತು. ಮಲಾರ ಮತ್ತೆ ಹೆಗಲೇರಿತು. ಹನ್ನೆರಡು ಬೀದಿ ಸುತ್ತಿದರೂ ಉಸಿರು ಕಟ್ಟುತ್ತಿರಲಿಲ್ಲ. 'ಏನೇ, ಗಾಳಿ ಬಂದ್ರೆ ಹಾರಿಹೋಗ್ತೀಯಲ್ಲೇ!' ಅಂತ ಹೆಂಗಸರು ಛೇಡಿಸಿದರೆ ಅವಳಿಗೆ ಒಳಗೊಳಗೇ ಸಂಭ್ರಮ. ಅಮ್ಮಂದಿರು ಮಕ್ಕಳಿಗೆ ಅವಳನ್ನು ತೋರಿಸಿ, 'ನೋಡಿ ಕಲೀರಿ' ಅನ್ನುತ್ತಿದ್ದರು.

ಏಳನೇ ತಿಂಗಳು ಒಂದು ದಿನ, ನೆರಳು ಉದ್ದ ಬೀಳುವ ಹೊತ್ತು, ಸೌಟು ಪಾತ್ರೆಯನ್ನು ಬಡಿಯಿತು. ಟಕ್ ಟಕ್ ಟಕ್.

ಬಳೆಗಾರ್ತಿ ಗಾಳಿ ಅಂದುಕೊಂಡಳು. ಗಾಳಿ ಇರಲಿಲ್ಲ. ಪಾತ್ರೆಯೊಳಗೆ ನೋಡಿದಳು, ಮಧ್ಯಾಹ್ನ ಹಾಕಿದ್ದು ಇನ್ನೂ ಅರ್ಧ ಇತ್ತು. ಹಸಿವಲ್ಲ. ಆದರೂ ಸೌಟು ಬಡಿಯುತ್ತಲೇ ಇತ್ತು. ಆಗ ಕಣ್ಣಿಗೆ ಬಿತ್ತು ನೋಡಿ: ಪಾತ್ರೆ ಚೊಂಬಿನಷ್ಟಾಗಿದೆ, ಸೌಟು ಮಾತ್ರ ಹಂಡೆಯ ಕಾಲದ್ದೇ! ಮೊಳದುದ್ದದ ಹಿಡಿ, ಅಂಗೈ ಅಗಲದ ಬಟ್ಟಲು. ಅದನ್ನು ಯಾರೂ ಕತ್ತರಿಸಿರಲಿಲ್ಲ. ಅದಕ್ಕೆ ಪಾತ್ರೆ ಸಣ್ಣದಾದ ಸುದ್ದಿಯನ್ನೂ ಯಾರೂ ಹೇಳಿರಲಿಲ್ಲ.

ಅದೇ ಹೊತ್ತಿಗೆ ಬೀದಿಯಲ್ಲಿ ಡಂಗುರ ಕೇಳಿಸಿತು. 'ಕೇಳ್ರಪ್ಪೋ ಕೇಳ್ರಿ! ಇವತ್ತು ಸುದ್ದಿ ಏನೂ ಇಲ್ಲ!' ಢಂ ಢಂ ಢಂ. ಆ ಮನುಷ್ಯನಿಗೆ ಇದೊಂದು ಚಟ. ದಿನಾ ನೆರಳು ಉದ್ದ ಬೀಳುವ ಹೊತ್ತು ಬರುತ್ತಿದ್ದ, ಸುದ್ದಿ ಇದ್ದರೂ ಸರಿ ಇಲ್ಲದಿದ್ದರೂ ಸರಿ, ಕಿವಿ ತಮಟೆ ಒಡೆಯುವಂತೆ ಬಾರಿಸಿ ಹೋಗುತ್ತಿದ್ದ. ಬಳೆಗಾರ್ತಿಗೆ ಅವನನ್ನು ಕಂಡು ಹೊಟ್ಟೆಕಿಚ್ಚಾಯಿತು. 'ಅವನ ಸೌಟು ತೆಪ್ಪಗಿದೆ. ನಂದು ಮಾತ್ರ ಹೀಗೆ. ನನ್ನ ಹಣೆಬರಹ, ನನ್ನ ಬುದ್ಧಿ, ನಂದೇ ತಪ್ಪು' ಅಂದುಕೊಂಡು ಯಾರಿಗೂ ಹೇಳಲಿಲ್ಲ.

ಹೇಳದೆ ಏನೇನು ಮಾಡಿದಳು ಗೊತ್ತೇ? ಸೌಟಿಗೆ ಬಟ್ಟೆ ಸುತ್ತಿದಳು, ಅದು ದಬ್ ದಬ್ ಅಂತ ಬಡಿಯಿತು. ಗೋಡೆಯ ಬಿರುಕಿಗೆ ತುರುಕಿದಳು, ಗೋಡೆಯೇ ಬಡಿದುಕೊಂಡಿತು. ಬಾವಿಗೆ ಎಸೆದಳು. ಹೊತ್ತು ಮುಳುಗುವುದರೊಳಗೆ ಪಕ್ಕದ ಮನೆಯಾಕೆ ನೀರು ಸೇದಲು ಹೋದವಳು, 'ನಿಮ್ಮ ಸೌಟು ಕೊಡದೊಳಗೆ ಬಂತು ಕಣ್ರೀ, ಪುಣ್ಯ, ಸಿಕ್ತಲ್ಲ!' ಅಂತ ಒರೆಸಿ ತಂದುಕೊಟ್ಟಳು. ಬಳೆಗಾರ್ತಿ ಹಲ್ಲು ಕಿರಿದು, ಉಪಕಾರ ಆಯ್ತಮ್ಮ ಅಂದಳು. ಬೇರೆ ಏನನ್ನುತ್ತಾಳೆ ಪಾಪ?

ಕೊನೆಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂರತೊಡಗಿದಳು. ಬೆರಳು ಬೆಳ್ಳಗಾಗುವಷ್ಟು ಬಿಗಿ. ಹಿಡಿದಷ್ಟೂ ಸೌಟು ಕೊಸರುತ್ತಿತ್ತು. ಕೊಸರಿದಷ್ಟೂ ಇವಳು ಬಿಗಿಯುತ್ತಿದ್ದಳು. ಹೀಗೆ ಹತ್ತು ದಿನ ಗೆದ್ದಳು, ಹನ್ನೊಂದನೇ ದಿನ ಕೈ ಸೋತಿತು. ಗಟ್ಟಿ ಅನ್ನ ಚೊಂಬಿನಲ್ಲಿ ಹಿಡಿಸಲ್ಲ, ಆದರೆ ನುಣ್ಣಗಿನ ಪಾಯಸ ಜಾರಿಕೊಂಡು ಹೋಗುತ್ತದೆ ಅನ್ನುವುದನ್ನು ಸೌಟು ಹೇಗೋ ಪತ್ತೆ ಮಾಡಿತ್ತು. ಒಂದು ಸೌಟು, ಇನ್ನೊಂದು ಸೌಟು, ಮತ್ತೊಂದು. ರುಚಿ ಮೊದಲನೆಯದಕ್ಕಷ್ಟೇ ಇತ್ತು. ಆಮೇಲಿನವು ಬರೀ ಕೈಯ ಓಡಾಟ. ಪಾತ್ರೆ ಕಂಠದವರೆಗೆ ಬಂದು ತುಳುಕಿದಾಗ ಬೆಸುಗೆಯಲ್ಲಿ ಒಂದು ಹನಿ ಮೂಡಿತು. ಬೆಸುಗೆ ಜಿನುಗುತ್ತಿತ್ತು.

ಜೀವ ಬಾಯಿಗೆ ಬಂತು. ಪಾತ್ರೆಯನ್ನು ಎದೆಗೆ ಅವುಚಿಕೊಂಡು ಕುಲುಮೆಗೆ ಓಡಿದಳು.

ಕಂಚುಗಾರ ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ. ಅವನು ಬೆಸುಗೆಯ ಮೇಲೆ ಬೆರಳಾಡಿಸಿ, ಸಣ್ಣ ತೇಪೆ ಹಾಕಿ, 'ಈ ಸಲ ಉಳೀತು. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಯಲ್ಲಿ ಏನೂ ಇಲ್ಲ ಅಕ್ಕ' ಅಂದ.

'ಈ ಸೌಟನ್ನೂ ಕತ್ತರಿಸಿಬಿಡಪ್ಪ! ನಿನ್ನ ಕಾಲಿಗೆ ಬೀಳ್ತೀನಿ.'

'ನಾನು ಪಾತ್ರೆ ಕೆಲಸದವನು. ಸೌಟಿನ ಬೇರು ಎಲ್ಲೆಲ್ಲಿಗೋ ಹೋಗಿರ್ತದೆ. ಅಲ್ಲಿಗೆಲ್ಲ ನನ್ನ ಕತ್ತರಿ ಹೋಗಲ್ಲ' ಅಂದು ಅವನು ತಿದಿ ಒತ್ತತೊಡಗಿದ.

ಕುಲುಮೆಯ ಹಿಂದೆ ಅವನ ತಾಯಿ ಕೂತಿದ್ದಳು. ಬೆಳಗುವ ಅಜ್ಜಿ ಅಂತಲೇ ಅವಳ ಹೆಸರು. ಮಗ ಮಾಡಿದ ಪಾತ್ರೆಗಳನ್ನು ಹುಣಸೇಹಣ್ಣು ಹಾಕಿ ತಿಕ್ಕಿ ಫಳಫಳ ಮಾಡುವುದು ಅವಳ ಕೆಲಸ. ಮಾತೆಲ್ಲ ಕೇಳಿಸಿಕೊಂಡಿದ್ದಳು. 'ಬಾ ಇಲ್ಲಿ' ಅಂತ ಕರೆದು ತನ್ನ ಸೆರಗು ಸರಿಸಿ ತನ್ನ ಪಾತ್ರೆ ತೋರಿಸಿದಳು. ಚೊಂಬಿನಷ್ಟು, ನಡುವೆ ಎಳೆಯಷ್ಟು ಬೆಸುಗೆ. ಹಳೆಯದಾಗಿ ಕಪ್ಪಾಗಿತ್ತು.

'ಅಜ್ಜೀ! ನಿಮ್ಮದೂ?'

'ನಲವತ್ತು ವರ್ಷ ಆಯ್ತು ಕಣವ್ವ. ಇವನಪ್ಪ ಕತ್ತರಿಸಿದ್ದು. ಆಗೆಲ್ಲ ಇದು ನಾಚಿಕೆ ವಿಷಯ, ಯಾರಿಗೂ ಹೇಳ್ಕೊಳ್ಳಲಿಲ್ಲ.'

'ಹಾಗಾದ್ರೆ ಸೌಟು ಯಾವಾಗ ನಿಲ್ತು?'

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. 'ನಿಲ್ಲೋದಾ? ಇವತ್ತು ಬೆಳಗ್ಗೆಯೂ ಬಡೀತು. ಹುಟ್ಟಿದಾಗಿಂದ ಅದಕ್ಕೆ ಕಲಿಸಿರೋದು ಒಂದೇ ಪಾಠ. ಇರುವೆ ಕಚ್ಚಿದ್ರೂ ಅದೇ, ಚಳಿಯಾದ್ರೂ ಅದೇ. ಪಾಪ, ಅದು ಕೆಟ್ಟದ್ದಲ್ಲ, ದಡ್ಡ. ಬಡಿದಾಗ ನಾನು ಒಂದು ಪಾತ್ರೆ ತಗೊಂಡು ತಿಕ್ಕಕ್ಕೆ ಕೂತ್ಕೋತೀನಿ. ಪಾತ್ರೆ ಬೆಳಗೋ ಹೊತ್ತಿಗೆ ಇದು ಸುಸ್ತಾಗಿರ್ತದೆ. ಸುಸ್ತಾಗದಿದ್ರೆ ಇನ್ನೊಂದು ಪಾತ್ರೆ.'

'ಅದಕ್ಕೂ ಸುಸ್ತಾಗದಿದ್ರೆ?'

'ಒಂದೊಂದು ದಿನ ಸೋಲ್ತೀನಿ. ಮಾರನೇ ದಿನ ಮತ್ತೆ ಹುಣಸೇಹಣ್ಣು ನೆನೆಹಾಕ್ತೀನಿ. ನಲವತ್ತು ವರ್ಷ ಹಿಂಗೇ ಬಂದದ್ದು. ನಿಂಗೆ ಇನ್ನೊಬ್ಬರ ಕೈಕೆಲಸ ಆಗಿಬರಲ್ಲ, ನಿಂದೇ ಏನಾದ್ರೂ ಹುಡುಕ್ಕೋ.'

ಬಳೆಗಾರ್ತಿಗೆ ಒಂದು ಕಡೆ ಎದೆ ಹಗುರಾಯಿತು, ಒಂದು ಕಡೆ ಅಳು ಬಂತು. ಇದು ನಿಲ್ಲುವುದೇ ಇಲ್ಲವಂತೆ! ಆದರೆ ತನಗೊಬ್ಬಳಿಗೇ ಅಲ್ಲವಂತೆ. ಯಾವುದನ್ನು ಮೊದಲು ಯೋಚಿಸಬೇಕೋ ತಿಳಿಯದೆ ಮನೆಗೆ ಬಂದಳು.

ಮಾರನೇ ದಿನ ನೆರಳು ಉದ್ದ ಬೀಳುವ ಹೊತ್ತು. ಟಕ್ ಟಕ್ ಟಕ್. ಅಜ್ಜಿ ಬೇಡ ಅಂದದ್ದನ್ನು ಕೇಳದೆ ಹುಣಸೇಹಣ್ಣು ತಂದು ಪಾತ್ರೆ ತಿಕ್ಕಿ ನೋಡಿದಳು. ಕೈ ಉರಿಯಿತು, ಸೌಟು ಇನ್ನೂ ಜೋರಾಯಿತು. ಹುಣಸೇಹಣ್ಣು ಬಿಸಾಡಿ ಹಳೆಯ ಹಾಗೆ ಎರಡೂ ಕೈಯಲ್ಲಿ ಸೌಟಿನ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಹಿಡಿದವಳ ಕಣ್ಣು ತನ್ನ ಕೈಯ ಮೇಲೆ ಬಿತ್ತು. ಬೆರಳೆಲ್ಲ ಬೆಳ್ಳಗೆ, ಗೆಣ್ಣೆಲ್ಲ ಉಬ್ಬಿ. ಬಳೆ ಹಾಕಿಸಿಕೊಳ್ಳಲು ಹೆದರುವ ಹೊಸ ಮದುಮಗಳ ಕೈ ಥೇಟ್ ಹೀಗೇ ಇರುತ್ತದೆ.

'ಅಯ್ಯೋ ನನ್ನ ಮಂಕು ಬುದ್ಧಿಯೇ!' ಅಂತ ಹಣೆ ಚಚ್ಚಿಕೊಂಡಳು. ಇಪ್ಪತ್ತು ವರ್ಷ ಊರಿನ ಹೆಂಗಸರಿಗೆಲ್ಲ ಸಡಿಲ ಬಿಡಿ ಸಡಿಲ ಬಿಡಿ ಅಂದವಳು ತನ್ನ ಕೈಗೆ ಒಂದು ದಿನವೂ ಹೇಳಿರಲಿಲ್ಲ!

ಬೆರಳು ಸಡಿಲ ಬಿಟ್ಟಳು. ಸೌಟನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಮಲಾರದಿಂದ ಒಂದು ಹಸಿರು ಗಾಜಿನ ಬಳೆ ಬಿಡಿಸಿ ಸೌಟಿನ ತುದಿಗೆ ಹಿಡಿದಳು. ಸೌಟಿನ ಕೊಕ್ಕೆ ಹೆಬ್ಬೆರಳಿನ ಹಾಗೆ ಬಾಗಿತ್ತು, ಬಳೆಗೆ ಅಡ್ಡ. ಸೌಟು ನಡುಗುತ್ತಿತ್ತು, ಬಡಿಯಬೇಕು ಅನ್ನುತ್ತಿತ್ತು. ಬಳೆಗಾರ್ತಿ ರಾಗ ತೆಗೆದಳು. 'ಸಡಿಲ ಬಿಡು ತಾಯಿ, ಸಡಿಲ ಬಿಡು. ಏನು ಬೇಕು ನಿಂಗೆ? ಪಾಯಸ ಬೇಕಾ? ಬೇಕು ಅಂತ ಹೇಳು, ತಪ್ಪೇನಿಲ್ಲ. ಹೇಳ್ತಾ ಇರು, ನಾನು ಕೇಳ್ತಾ ಇರ್ತೀನಿ. ಬಿಸಿಲಲ್ಲಿ ಸುತ್ತಿ ಬಂದಿದ್ದೀಯ. ಸಾಕಾಗಿದೆ ಅಲ್ವಾ? ಸಡಿಲ ಬಿಡು.' ಅವಸರ ಮಾಡಿದರೆ ಬಳೆ ಒಡೆಯುತ್ತದೆ, ಅದಕ್ಕೇ ಅವಸರ ಮಾಡಲಿಲ್ಲ. ಎಷ್ಟು ಹೊತ್ತು ಹೀಗೆ ಕೂತಿದ್ದಳೋ! ಬಳೆ ಕೊಕ್ಕೆ ದಾಟಿ ಹಿಡಿಗೆ ಇಳಿದಾಗ ನೋಡಿದರೆ, ಸೌಟು ಸುಮ್ಮನಾಗಿತ್ತು.

ಮಾರನೇ ದಿನ ಮತ್ತೆ ಬಡಿಯಿತು. ಈಗ ಟಕ್ ಟಕ್ ಜೊತೆಗೆ ಗಲ್ ಗಲ್. ಇನ್ನೊಂದು ಬಳೆ. ಅದರ ಮಾರನೇ ದಿನ ಇನ್ನೊಂದು. ಹಾಗಂತ ದಿನಾ ಗೆದ್ದಳು ಅಂತ ಹೇಳಿದರೆ ಕಥೆ ಹೇಳುವ ನನಗೆ ಪಾಪ ಬರುತ್ತದೆ. ನಾಲ್ಕನೇ ದಿನ ಊರಿಂದ ಬಂದಿದ್ದ ಅತ್ತೆಯ ಜೊತೆ ಜಗಳವಾಗಿ ಎರಡು ಸೌಟು ಪಾಯಸ ಬಿತ್ತು. ಆದರೆ ಮೂರನೆಯದಕ್ಕೆ ಕೈ ಎತ್ತಿದಾಗ ಬಳೆ ಗಲ್ ಅಂದವು, ಅವಳು ನಿಲ್ಲಿಸಿದಳು. ಸೋತ ದಿನ ಹೊಸ ಬಳೆ ತೊಡಿಸಲಿಲ್ಲ ನಿಜ. ತೊಡಿಸಿದ್ದನ್ನು ಒಡೆಯಲೂ ಇಲ್ಲ. ಹಾಗೆ ಮುಂಗಾರು ಬರುವ ಹೊತ್ತಿಗೆ ಸೌಟಿನ ಹಿಡಿಗೆ ಹನ್ನೊಂದು ಬಳೆಯಾಗಿದ್ದವು. ಬೆಸುಗೆ ಒಣಗಿತ್ತು.

ಇಷ್ಟಾದರೂ ಬೀದಿಗೆ ಹೋಗುವಾಗ ಸೌಟನ್ನು ಸೆರಗಿನಡಿ ಬಚ್ಚಿಟ್ಟುಕೊಂಡೇ ಹೋಗುತ್ತಿದ್ದಳು. ನೆರಳು ಉದ್ದ ಬೀಳುವ ಮುಂಚೆ ಮನೆ ಸೇರಿಬಿಡುತ್ತಿದ್ದಳು. ಅವಳನ್ನು ನೋಡಿ ಕಲೀರಿ ಅನ್ನುವ ಊರು. ಸೌಟು ಇನ್ನೂ ಬಡಿಯುತ್ತದೆ ಅಂತ ಗೊತ್ತಾದರೆ ಯಾರು ಕೈ ಕೊಟ್ಟಾರು? ಕೈ ಕೊಡುವವರಿಲ್ಲದಿದ್ದರೆ ಬಳೆಗಾರ್ತಿ ಎಲ್ಲಿಯವಳು?

ಒಂದು ದಿನ ನೇಕಾರರ ಬೀದಿಯಲ್ಲಿ ಮದುವೆ ಹೆಣ್ಣಿಗೆ ಬಳೆ ತೊಡಿಸಬೇಕಿತ್ತು. ಹೆಣ್ಣಿನ ಜೊತೆ ಅಕ್ಕತಂಗಿಯರು, ಅತ್ತೆಯಂದಿರು, ಜಗಲಿ ತುಂಬ ಕೈಗಳು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಂಗಳದಲ್ಲಿ ನೆರಳು ಉದ್ದ ಬಿತ್ತು. ಡಂಗುರದವನು ಬೀದಿಯ ತುದಿಗೆ ಬಂದ. 'ಕೇಳ್ರಪ್ಪೋ ಕೇಳ್ರಿ! ಇವತ್ತು ಸುದ್ದಿ ಏನೂ...' ಅನ್ನುತ್ತಾ ಕೋಲು ಎತ್ತಿ ಹೊಡೆದ ನೋಡಿ, ಡಂಗುರದ ತೊಗಲು ಪರ್ ಅಂತ ಹರಿದುಹೋಯಿತು.

ಬೀದಿ ಗಪ್ ಚಿಪ್. ಎರಡು ವರ್ಷದಲ್ಲಿ ಮೊದಲ ಸಲ ಆ ಹೊತ್ತಿನಲ್ಲಿ ಆ ಬೀದಿ ಮೌನವಾಗಿತ್ತು. ಆ ಮೌನದಲ್ಲಿ ಡಂಗುರದವನ ಶಾಲಿನೊಳಗಿಂದ ಕೇಳಿಸಿತು, ಟಕ್ ಟಕ್ ಟಕ್.

ಹೆಣ್ಣಿನ ಅಜ್ಜಿ ಕಣ್ಣರಳಿಸಿದಳು. 'ಏನೋ ಅದು? ನಿನ್ನ ಸೌಟು ತೆಪ್ಪಗಾಯ್ತು ಅಂತ ಊರೆಲ್ಲ ಸಾರಿದ್ಯಲ್ಲೋ!'

ಡಂಗುರದವನು ಹರಿದ ತೊಗಲನ್ನೇ ಬಡಿದ. ಅದು ಉಸ್ ಅಂದಿತು. ಶಾಲು ಬಿಗಿಯಾಗಿ ಸುತ್ತಿಕೊಂಡ. ಟಕ್ ಟಕ್ ಟಕ್. ಯಾರೋ ಕಿಸಕ್ಕನೆ ನಕ್ಕರು. ಮುಖ ಕೆಂಪಗಾಗಿ, ಕಣ್ಣು ತುಂಬಿ, ಎಲ್ಲಿ ನೋಡಬೇಕೋ ತಿಳಿಯದೆ ನಿಂತ. ಪ್ರತಿದಿನದ ಆ ಗದ್ದಲ ಯಾತಕ್ಕೆ ಅನ್ನುವುದು ಬಳೆಗಾರ್ತಿಗೆ ಆಗ ಹೊಳೆಯಿತು. ಎರಡು ವರ್ಷ! ಒಬ್ಬನೇ!

ಅವಳ ಸೆರಗಿನಡಿ ಅವಳ ಸೌಟೂ ಅಲುಗಿತು. ಎಡಗೈ ಅದರ ಮೇಲಿತ್ತು. ಬಿಗಿ ಹಿಡಿದರೆ ಸಾಕು, ಯಾರಿಗೂ ಕೇಳಿಸುವುದಿಲ್ಲ. ಎಲ್ಲರ ಕಣ್ಣೂ ಅವನ ಮೇಲಿದೆ. ಅವಳ ಬಲಗೈಯಲ್ಲಿ ಮದುಮಗಳ ಕೈ ಇತ್ತು, ಬಳೆ ಗೆಣ್ಣಿನ ಹತ್ತಿರ ನಿಂತಿತ್ತು. ಹುಡುಗಿ ಹೆದರಿ ಮುಷ್ಟಿ ಬಿಗಿದಿದ್ದಳು.

'ಸಡಿಲ ಬಿಡವ್ವ' ಅಂದಳು ಬಳೆಗಾರ್ತಿ. ಅಂದವಳು ತನ್ನ ಎಡಗೈಯನ್ನೇ ಸಡಿಲ ಬಿಟ್ಟಳು.

ಗಲ್ ಗಲ್ ಗಲ್ ಗಲ್! ಹನ್ನೊಂದು ಬಳೆಯ ಸದ್ದು ಬೀದಿ ತುಂಬಿತು. ಎಲ್ಲರೂ ತಿರುಗಿದರು. ಬಳೆಗಾರ್ತಿ ಸೆರಗು ಸರಿಸಿ ಸೌಟನ್ನು ಎಲ್ಲರಿಗೂ ಕಾಣುವಂತೆ ಇಟ್ಟಳು.

'ನಂದೂ ಬಡೀತದೆ. ದಿನಾ ಬಡೀತದೆ. ಕೈ ಕೊಡೋರು ಕೊಡಿ, ಬಿಡೋರು ಬಿಡಿ' ಅಂದಳು.

ಆಮೇಲೆ ನೋಡಿದರೆ ಮದುಮಗಳ ಮುಷ್ಟಿ ಬಿಚ್ಚಿತ್ತು, ಬಳೆ ತಾನಾಗಿ ಮಣಿಕಟ್ಟಿಗೆ ಇಳಿದಿತ್ತು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 'ಇನ್ನೊಂದು ಹಾಕಿ ಅಕ್ಕ' ಅಂದಳು.

ಡಂಗುರದವನು ಮೆಲ್ಲಗೆ ಜಗಲಿಯ ಹತ್ತಿರ ಬಂದ. ಶಾಲಿನೊಳಗಿಂದ ಸೌಟು ತೆಗೆದ. ಅಬ್ಬಬ್ಬಾ, ಅದಕ್ಕೆ ಸುತ್ತಿದ್ದ ಬಟ್ಟೆಯೇ ಏಳು ಪದರ!

'ಇದು... ಗಂಡಸರ ಸೌಟಿಗೂ ಆಗ್ತದಾ?'

'ಸೌಟಿಗೆಂಥ ಗಂಡಸು ಹೆಂಗಸು? ಕೂತ್ಕೋ ಅಣ್ಣ.'

'ಹಸಿರು ಬೇಡ. ಕೆಂಪು ಇದ್ರೆ ಕೊಡು' ಅಂದ ಗತ್ತಿನಿಂದ. ಆ ಸ್ಥಿತಿಯಲ್ಲೂ ಅವನ ಷೋಕಿ ನೋಡಿ! ಇಡೀ ಜಗಲಿ ನಕ್ಕಿತು, ಅವನೂ ನಕ್ಕ. ಸೌಟನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಅವಳ ಮುಂದೆ ಚಾಚಿದ, ಬೆರಳೆಲ್ಲ ಬೆಳ್ಳಗಾಗಿದ್ದವು. ಬಳೆಗಾರ್ತಿ ಆ ಬೆರಳನ್ನು ಒಂದೊಂದಾಗಿ ಬಿಡಿಸಿದಳು. 'ಸಡಿಲ ಬಿಡು ಅಣ್ಣ, ಸಡಿಲ ಬಿಡು. ಏನು ಬೇಕಂತೆ ಇದಕ್ಕೆ?'

'ಹೋಳಿಗೆ' ಅಂದ ಅವನು, ಸಣ್ಣ ದನಿಯಲ್ಲಿ.

'ಸರಿ, ಹೋಳಿಗೆ. ಹೇಳ್ತಾ ಇರು.'

ಅವನು ಹೇಳುತ್ತಾ ಹೋದ. ಹೋಳಿಗೆಯ ಮೇಲಿನ ತುಪ್ಪ, ಹಾಲು, ಅವನಮ್ಮನ ಹೆಂಚು. ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು, ಸೌಟಿನ ದನಿಯೂ ಇಳಿಯಿತು. ಕೆಂಪು ಬಳೆ ಕೊಕ್ಕೆ ದಾಟಿತು. ಅಷ್ಟರಲ್ಲಿ ಎದುರು ಮನೆಯ ಕಿಟಕಿಯೊಳಗಿಂದ ಯಾರದೋ ಸೌಟಿನ ಸದ್ದು ಮೆಲ್ಲಗೆ ಕೇಳಿಸಿತು. ಆಮೇಲೆ ಮೂಲೆಮನೆಯಿಂದ ಇನ್ನೊಂದು.

ಮಾರನೇ ದಿನ ನೆರಳು ಉದ್ದ ಬೀಳುವ ಹೊತ್ತಿಗೆ ಡಂಗುರದವನು ಹೊಸ ತೊಗಲು ಕಟ್ಟಿಸಿಕೊಂಡು ಬಂದ. ಬೀದಿಯ ನಡುವೆ ನಿಂತು ಒಂದೇ ಒಂದು ಸಲ ಬಾರಿಸಿದ.

'ಕೇಳ್ರಪ್ಪೋ ಕೇಳ್ರಿ! ಅವತ್ತು ನಾನು ಸಾರಿದ್ದು ಸುಳ್ಳು! ಪಾತ್ರೆ ಸಣ್ಣದಾದ್ರೂ ಸೌಟು ಬಡೀತದೆ! ನಂದು ಈಗ್ಲೂ ಬಡೀತಾ ಇದೆ!'

ಅಂದವನು ಡಂಗುರವನ್ನು ನೆಲಕ್ಕಿಟ್ಟು, ಶಾಲು ತೆಗೆದು, ಎಲ್ಲರಿಗೂ ಕೇಳಿಸಲಿ ಅಂತ ಸುಮ್ಮನೆ ನಿಂತುಕೊಂಡ.